ಮಿನುಗುವ ದೀಪ ಮುಟ್ಟಿದರೆ ಮಗು ಟೆನಿಸ್‌ನಲ್ಲಿ ಸರಿಯಾದ ನಿರ್ಧಾರ ತೆಗೆದುಕೊಳ್ಳುತ್ತದೆಯೇ?

ಗೋಡೆಯ ಮೇಲೆ ಬಣ್ಣದ ದೀಪಗಳು ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತವೆ. ಎಂಟೊಂಬತ್ತು ವರ್ಷದ ಮಗು ಅವನ್ನು ಪಟಪಟನೆ ಮುಟ್ಟಿ ಆರಿಸುತ್ತದೆ. ಕೆಳಗೆ ಬರಹ: 'ಚಾಂಪಿಯನ್‌ಗಳು ತಯಾರಾಗುವುದೇ ಹೀಗೆ. ನಿಮ್ಮ ಮಗುವಿನ ಮೆದುಳಿನ ವೇಗ ಹೆಚ್ಚಿಸಿ.' ಇಂಥ ವಿಡಿಯೊವನ್ನು ವಾಟ್ಸಾಪ್ ಗುಂಪಿನಲ್ಲೋ ರೀಲ್ಸ್‌ನಲ್ಲೋ ನೀವೂ ನೋಡಿರಬಹುದು. ಇನ್ನೊಂದು ಬಗೆಯದ್ದೂ ಇದೆ. ಕೋಚ್ ಬುಟ್ಟಿಯಿಂದ ಒಂದೇ ಸಮನೆ ಚೆಂಡು ಕೊಡುತ್ತಾರೆ, ಹುಡುಗ ಒಂದೇ ಜಾಗಕ್ಕೆ ಹೊಡೆಯುತ್ತಲೇ ಇರುತ್ತಾನೆ. 'ದಿನಕ್ಕೆ ಸಾವಿರ ಚೆಂಡು ಹೊಡೆಸಿ, ಮ್ಯಾಚ್‌ನಲ್ಲಿ ಎಲ್ಲ ತಾನಾಗಿ ಬರುತ್ತದೆ' ಎಂಬ ಭರವಸೆ ಅದರದ್ದು.

ಆದರೆ ಮ್ಯಾಚ್‌ನಲ್ಲಿ ಆಗುವುದೇ ಬೇರೆ. ಅಭ್ಯಾಸದಲ್ಲಿ ಚೆಂದವಾಗಿ ಹೊಡೆಯುವ ಮಗು, ಪಂದ್ಯದಲ್ಲಿ ಸುಲಭದ ಚೆಂಡನ್ನು ನೇರ ಎದುರಾಳಿಯ ಕೈಗೇ ಕೊಡುತ್ತದೆ. ಕಷ್ಟದ ಚೆಂಡು ಬಂದಾಗ ಗೆರೆಯಂಚಿಗೆ ಹೊಡೆಯಲು ಹೋಗಿ ಹೊರಗೆ ಹಾಕುತ್ತದೆ. ಬೇಲಿಯಾಚೆ ನಿಂತ ಅಪ್ಪ-ಅಮ್ಮ 'ಯಾಕೋ ಅಲ್ಲಿಗೆ ಹೊಡೆದೆ?' ಎಂದು ಕೂಗುತ್ತಾರೆ. ಇಲ್ಲಿ ಕೈಕೊಟ್ಟಿದ್ದು ಕೈಯ ವೇಗವಲ್ಲ, ಆಯ್ಕೆ.

ಚುಟುಕಾಗಿ ಹೇಳುವುದಾದರೆ: ಆಟದ ನಿರ್ಧಾರಶಕ್ತಿಯನ್ನು ಮಕ್ಕಳಿಗೆ ಕಲಿಸಬಹುದು. ಆದರೆ ಅದನ್ನು ದೀಪ ಮುಟ್ಟಿಸಿ ಬೆಳೆಸಲಾಗದು, ಒಂದೇ ಹೊಡೆತದ ಪುನರಾವರ್ತನೆಯಿಂದಲೂ ಪೂರ್ತಿ ಬರದು. ನೋಡುವ, ಆರಿಸುವ, ಆರಿಸಿದ್ದಕ್ಕೆ ಕಾರಣ ಹೇಳುವ ಅವಕಾಶ ಅಭ್ಯಾಸದಲ್ಲೇ ಸಿಕ್ಕರೆ ಅದು ಬೆಳೆಯುತ್ತದೆ. ಹೇಗೆ ಎಂದು ನೋಡೋಣ.

ಚಾಂಪಿಯನ್‌ಗಳ ಕಣ್ಣು ನಮಗಿಂತ ವೇಗವೇ?

ಟೆನಿಸ್ ಅಂಗಣದ ಉದ್ದ 23.77 ಮೀಟರ್. ಗಂಟೆಗೆ 200 ಕಿ.ಮೀ. ವೇಗದ ಸರ್ವ್ ಗಾಳಿಯಲ್ಲೂ ನೆಲಕ್ಕೆ ಪುಟಿದಾಗಲೂ ವೇಗ ಕಳೆದುಕೊಂಡು, ಸುಮಾರು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚಿನ ಸಮಯದಲ್ಲಿ ಎದುರಾಳಿಯನ್ನು ಮುಟ್ಟುತ್ತದೆ. ಕಣ್ಣಿಗೆ ಏನಾದರೂ ಕಂಡು ಕೈ ಅಲ್ಲಾಡಿಸಲು ಮನುಷ್ಯರಿಗೆ ಸುಮಾರು 0.2 ಸೆಕೆಂಡ್ ಬೇಕು. ಉಳಿದಷ್ಟರಲ್ಲಿ ಹೆಜ್ಜೆ ಇಟ್ಟು, ಭುಜ ತಿರುಗಿಸಿ, ರ‍್ಯಾಕೆಟ್ ಬೀಸಬೇಕು. ಎಷ್ಟೇ ಚುರುಕಾದವರಿಗೂ ಚೆಂಡು ಎಲ್ಲಿ ಬೀಳುತ್ತದೆಂದು ಕೊನೆಯವರೆಗೆ ಕಾದು ನೋಡುವಷ್ಟು ಪುರುಸೊತ್ತು ಇಲ್ಲ.

ಹಾಗಾದರೆ ಅವರು ಹೇಗೆ ಹೊಡೆಯುತ್ತಾರೆ? ಚೆಂಡು ಹೊರಡುವ ಮುಂಚೆಯೇ ಓದಿಕೊಳ್ಳುತ್ತಾರೆ. 1978ರಲ್ಲಿ ಜೋನ್ಸ್ ಮತ್ತು ಮೈಲ್ಸ್ ಎಂಬ ಸಂಶೋಧಕರು ಸರ್ವ್ ಮಾಡುವ ದೃಶ್ಯವನ್ನು ಚೆಂಡಿಗೆ ರ‍್ಯಾಕೆಟ್ ತಗಲುವ ಆಸುಪಾಸಿನಲ್ಲೇ ಕತ್ತರಿಸಿ ತೋರಿಸಿ, 'ಚೆಂಡು ಎಲ್ಲಿ ಬೀಳುತ್ತದೆ?' ಎಂದು ಕೇಳಿದ್ದರು. ಅನುಭವಿಗಳು ಹೊಸಬರಿಗಿಂತ ಚೆನ್ನಾಗಿ ಊಹಿಸಿದರು. ಆಮೇಲೆ ಅನೇಕ ಆಟಗಳಲ್ಲಿ ಇಂಥ ಪ್ರಯೋಗಗಳು ನಡೆದಿವೆ. ಅನುಭವಿಗಳು ಎದುರಾಳಿಯ ಭುಜ, ಸೊಂಟ, ರ‍್ಯಾಕೆಟ್‌ನ ಕೋನದಿಂದ ಸುಳಿವು ಹಿಡಿಯುತ್ತಾರೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ.

ಇದಕ್ಕೊಂದು ಮೋಜಿನ ಉದಾಹರಣೆ ಆಂಡ್ರೆ ಅಗಾಸ್ಸಿ ಹೇಳಿದ್ದು. ಬೋರಿಸ್ ಬೆಕರ್ ಎದುರು ಅವರು ಮೊದಲ ಮೂರು ಪಂದ್ಯಗಳಲ್ಲೂ ಸೋತಿದ್ದರು. ಆಮೇಲೆ ಬೆಕರ್ ಆಟದ ಟೇಪುಗಳನ್ನು ನೋಡಿದಾಗ, ಸರ್ವ್‌ಗೆ ಮುಂಚೆ ಬೆಕರ್ ನಾಲಿಗೆ ಹೊರಚಾಚುವ ರೀತಿಯಲ್ಲೇ ಚೆಂಡು ಯಾವ ಕಡೆ ಬರುತ್ತದೆಂಬ ಸುಳಿವು ಸಿಕ್ಕಿತಂತೆ. ಅವರಿಬ್ಬರ ಮುಂದಿನ 11 ಪಂದ್ಯಗಳಲ್ಲಿ 10 ಅಗಾಸ್ಸಿ ಪಾಲಾದವು. ಎಲ್ಲ ಗೆಲುವಿಗೂ ನಾಲಿಗೆಯೇ ಕಾರಣ ಎನ್ನಲಾಗದು. ಆದರೆ ಎಲ್ಲಿ ನೋಡಬೇಕು ಎಂಬುದು ಎಷ್ಟು ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಗೋಡೆಯ ದೀಪದಲ್ಲಿ ಇಂಥ ಯಾವ ಸುಳಿವೂ ಇಲ್ಲ. ಅದಕ್ಕೆ ಭುಜವಿಲ್ಲ, ರ‍್ಯಾಕೆಟ್ ಇಲ್ಲ, ಅಭ್ಯಾಸಬಲವೂ ಇಲ್ಲ. ಅದನ್ನು ಮುಟ್ಟುತ್ತಾ ಮಗು ದೀಪ ಮುಟ್ಟುವುದರಲ್ಲಿ ಚುರುಕಾಗುತ್ತದೆ. ಮೈ ಬೆಚ್ಚಗಾಗುತ್ತದೆ, ಖುಷಿಯಾಗುತ್ತದೆ. ಅಷ್ಟಕ್ಕೆ ಅದು ಸರಿ.

ಚೆಸ್ ಪ್ರಯೋಗ ಹೇಳುವುದೇನು?

1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪ್ರಸಿದ್ಧ ಪ್ರಯೋಗ ಮಾಡಿದರು. ನಿಜವಾದ ಆಟದ ಚೆಸ್ ಹಲಗೆಯನ್ನು ಐದು ಸೆಕೆಂಡ್ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ಪಳಗಿದ ಆಟಗಾರ ಹೊಸಬರಿಗಿಂತ ಬಹಳ ಚೆನ್ನಾಗಿ ಜೋಡಿಸಿದ. ಆಮೇಲೆ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದರು. ಆಗ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು.

ಅಂದರೆ ಪಳಗಿದವರ ಮೆದುಳು ಎಲ್ಲದರಲ್ಲೂ ವೇಗವಾಗಿರುವುದಿಲ್ಲ. ತಮ್ಮ ಆಟದ ಸನ್ನಿವೇಶಗಳನ್ನು ಅದು ಗುರುತು ಹಿಡಿಯುತ್ತದೆ, ಅಷ್ಟೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಸುಲಭವಾಗಿ ದಾಟುವುದಿಲ್ಲ.

'ಮೆದುಳಿನ ವ್ಯಾಯಾಮ'ದ ಆ್ಯಪ್‌ಗಳ ಕಥೆಯೂ ಇದೇ. ಲುಮಾಸಿಟಿ ಎಂಬ ಆ್ಯಪ್ ಓದು, ಕೆಲಸ, ಕ್ರೀಡೆ ಎಲ್ಲದರಲ್ಲೂ ಸಾಮರ್ಥ್ಯ ಹೆಚ್ಚಿಸುತ್ತದೆಂಬ ಜಾಹೀರಾತಿಗೆ ತಕ್ಕ ಪುರಾವೆ ಇಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2016ರ ಜನವರಿಯಲ್ಲಿ ಕಂಪನಿ 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಅದೇ ವರ್ಷ ಮನೋವಿಜ್ಞಾನಿಗಳ ತಂಡವೊಂದು ಇಂಥ ತರಬೇತಿಗಳ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಅಭ್ಯಾಸ ಮಾಡಿದ ಆಟದಲ್ಲಿ ಸುಧಾರಣೆ ಕಾಣುತ್ತದೆ, ಆದರೆ ದಿನನಿತ್ಯದ ಬೇರೆ ಕೆಲಸಗಳಿಗೆ ಅದು ದಾಟುತ್ತದೆ ಎನ್ನಲು ಪುರಾವೆ ತೀರಾ ಕಡಿಮೆ ಎಂಬುದು ಅವರ ತೀರ್ಮಾನ.

ಒಂದೆರಡು ನಿರ್ಧಾರದಿಂದ ಏನಾಗುತ್ತದೆ?

ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಪದವಿ ಸಮಾರಂಭದಲ್ಲಿ ಒಂದು ಲೆಕ್ಕ ಹೇಳಿದ್ದರು. ತಾವು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟು ಗೆದ್ದರೂ, ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ ಎಂದು.

ಇದನ್ನು ಪೋಷಕರು ಎರಡು ಸಲ ಓದಬೇಕು. ನೂರರಲ್ಲಿ 50 ಗೆಲ್ಲುವುದಕ್ಕೂ 54 ಗೆಲ್ಲುವುದಕ್ಕೂ ಇರುವ ವ್ಯತ್ಯಾಸ ನಾಲ್ಕೇ ಪಾಯಿಂಟ್. ಹಾಗಾಗಿ ಮಗು ಪ್ರತಿ ಚೆಂಡಿಗೂ ಅದ್ಭುತ ಹೊಡೆತ ಹೊಡೆಯಬೇಕಿಲ್ಲ. ಪಂದ್ಯವೊಂದರಲ್ಲಿ ನಾಲ್ಕಾರು ಕೆಟ್ಟ ಆಯ್ಕೆ ತಪ್ಪಿದರೂ ಫಲಿತಾಂಶ ಬದಲಾಗಬಹುದು. ಇನ್ನೊಂದು ಮಾತು: ಅಂಥ ಆಟಗಾರನೂ ನೂರರಲ್ಲಿ 46 ಪಾಯಿಂಟ್ ಕಳೆದುಕೊಂಡಿದ್ದಾರೆ. ಪ್ರತಿ ಪಾಯಿಂಟ್ ಹೋದಾಗಲೂ ಮಗುವನ್ನು ಗದರುವುದರಲ್ಲಿ ಅರ್ಥವಿಲ್ಲ.

ನಮ್ಮವರದ್ದೇ ಉದಾಹರಣೆ ಬೇಕೆಂದರೆ ಕೊಡಗಿನ ರೋಹನ್ ಬೋಪಣ್ಣ ಇದ್ದಾರೆ. ಮ್ಯಾಥ್ಯೂ ಎಬ್ಡನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಆಗಲೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಕೂಡ ಆದರು. ಬರೀ ರಿಫ್ಲೆಕ್ಸ್‌ನಿಂದಲೇ ಟೆನಿಸ್ ಗೆಲ್ಲುವುದಾಗಿದ್ದರೆ ಆ ವಯಸ್ಸಿನಲ್ಲಿ ಇದು ಆಗುತ್ತಿರಲಿಲ್ಲ. ಅವರ ಸರ್ವ್ ಬಲವಾದದ್ದು ನಿಜ. ಅದರ ಜೊತೆಗೆ ವರ್ಷಗಳಿಂದ ಪಳಗಿದ ಆಟದ ತಿಳಿವಳಿಕೆಯೂ ಇತ್ತು.

'ಸರಿಯಾದ ನಿರ್ಧಾರ' ಅಂದರೆ ಯಾವುದು?

ಇದರಲ್ಲಿ ಮಾಯಮಂತ್ರವಿಲ್ಲ, ಸ್ವಲ್ಪ ರೇಖಾಗಣಿತವಿದೆ.

ಟೆನಿಸ್ ನೆಟ್ ಮಧ್ಯದಲ್ಲಿ 91.4 ಸೆಂ.ಮೀ. ಎತ್ತರ, ಎರಡು ಬದಿಯ ಕಂಬಗಳ ಹತ್ತಿರ 107 ಸೆಂ.ಮೀ. ಅಂದರೆ ನಡುವೆ ಸುಮಾರು 15 ಸೆಂ.ಮೀ. ತಗ್ಗು. ಮೂಲೆಯಿಂದ ಮೂಲೆಗೆ, ಅಂದರೆ ಕ್ರಾಸ್‌ಕೋರ್ಟ್ ಹೊಡೆದರೆ ಚೆಂಡು ಈ ತಗ್ಗಿನ ಮೇಲೆ ಹೋಗುತ್ತದೆ. ಸಿಂಗಲ್ಸ್ ಅಂಗಣದಲ್ಲಿ ಆ ಕರ್ಣದ ಉದ್ದ ಸುಮಾರು 25.15 ಮೀಟರ್. ಬದಿಗೆರೆಯ ಉದ್ದಕ್ಕೂ ನೇರ ಹೊಡೆದರೆ 23.77 ಮೀಟರ್ ಮಾತ್ರ. ಕ್ರಾಸ್‌ಕೋರ್ಟ್‌ನಲ್ಲಿ ನೆಟ್ ತಗ್ಗು, ಜಾಗ ಸುಮಾರು 1.4 ಮೀಟರ್ ಹೆಚ್ಚು. ಹಾಗಾಗಿ ಮಗು ಒತ್ತಡದಲ್ಲಿದ್ದಾಗ, ಅಂಗಣದ ಹೊರಗೆ ಎಳೆಯಲ್ಪಟ್ಟಾಗ ಕ್ರಾಸ್‌ಕೋರ್ಟ್ ಹೊಡೆಯುವುದು ಸಾಮಾನ್ಯವಾಗಿ ಕಡಿಮೆ ಅಪಾಯದ ಆಯ್ಕೆ. ಹೊಡೆದ ಮೇಲೆ ತನ್ನ ಜಾಗಕ್ಕೆ ಮರಳಲು ಓಡಬೇಕಾದ ದೂರವೂ ಕಡಿಮೆ.

ಹಾಗೆಂದು ಯಾವಾಗಲೂ ಅದನ್ನೇ ಹೊಡೆದರೆ ಎದುರಾಳಿ ಅಲ್ಲೇ ಕಾದು ನಿಲ್ಲುತ್ತಾನೆ. ಚೆಂಡು ಗಿಡ್ಡ ಬಿದ್ದು, ಮಗು ಅಂಗಣದ ಒಳಗೆ ಸಮತೋಲನದಲ್ಲಿ ನಿಂತಿದ್ದು, ಆಚೆ ಬದಿ ಖಾಲಿ ಇದ್ದರೆ ನೇರ ಹೊಡೆತವೇ ಸರಿ. ಹಾಗಾಗಿ ಮಗು ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರೇ: ಚೆಂಡು ಎಂಥದ್ದು? ನಾನೆಲ್ಲಿದ್ದೇನೆ? ಅವನೆಲ್ಲಿದ್ದಾನೆ?

ಒಂದು ಮಗುವಿಗೆ ಸರಿಯಾದ ನಿರ್ಧಾರ ಇನ್ನೊಂದಕ್ಕೆ ತಪ್ಪಾಗಿರಬಹುದು ಎಂಬುದನ್ನೂ ಮರೆಯಬಾರದು. ಬ್ಯಾಕ್‌ಹ್ಯಾಂಡ್ ಇನ್ನೂ ಕುದುರದ ಹುಡುಗಿಗೆ ಟಿವಿಯಲ್ಲಿ ಕಂಡ ಹೊಡೆತ ಸರಿಯಾದ ಆಯ್ಕೆ ಅಲ್ಲ. ತನ್ನಿಂದ ಏನು ಆಗುತ್ತದೆ ಎಂದು ತಿಳಿದಿರುವುದೂ ತಂತ್ರದ ಭಾಗವೇ. ಆದ್ದರಿಂದ ಹೊಡೆತದ ತರಬೇತಿ ಬೇಡ ಎಂದು ಈ ಲೇಖನ ಹೇಳುತ್ತಿಲ್ಲ.

ಸಾವಿರ ಚೆಂಡಿನ ಲೆಕ್ಕ

ಕೋಚ್ ಒಂದೇ ಜಾಗಕ್ಕೆ ಒಂದೇ ಬಗೆಯ ಚೆಂಡು ಕೊಟ್ಟರೆ ನಿರ್ಧಾರ ಕೋಚ್‌ನದ್ದು. ಮಗು ಕೈ ಆಡಿಸುತ್ತದೆ ಅಷ್ಟೆ. ಹೊಡೆತವನ್ನು ಮೊದಲ ಸಲ ಕಲಿಯುವಾಗ, ಸರಿಪಡಿಸಿಕೊಳ್ಳುವಾಗ ಇದು ಬೇಕು. ಆದರೆ ವರ್ಷಗಟ್ಟಲೆ ಇಷ್ಟೇ ಆದರೆ ಆರಿಸುವ ಅಭ್ಯಾಸವೇ ಆಗುವುದಿಲ್ಲ.

ಕಲಿಕೆಯ ವಿಜ್ಞಾನದಲ್ಲಿ ಇದಕ್ಕೊಂದು ಹಳೆಯ ಪಾಠವಿದೆ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಕೈಚಳಕದ ಕೆಲಸವೊಂದನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಒಂದು ಬಗೆಯನ್ನು ಮುಗಿಸಿ ಇನ್ನೊಂದಕ್ಕೆ ಹೋಗುತ್ತಿತ್ತು. ಇನ್ನೊಂದು ಗುಂಪು ಎಲ್ಲ ಬಗೆಗಳನ್ನೂ ಕಲಸಿ ಅಭ್ಯಾಸ ಮಾಡುತ್ತಿತ್ತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದೆ ಇತ್ತು. ಕೆಲ ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಕಲಿತವರೇ ಮೇಲಾದರು. ಚಿಕ್ಕ ಮಕ್ಕಳಲ್ಲಿ, ತೀರಾ ಹೊಸಬರಲ್ಲಿ ಈ ಪರಿಣಾಮ ಯಾವಾಗಲೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆದರೂ ಒಂದು ಎಚ್ಚರಿಕೆ ಇದರಲ್ಲಿದೆ: ವಿಡಿಯೊದಲ್ಲಿ ಚೆಂದ ಕಾಣುವ ಅಭ್ಯಾಸವೇ ಹೆಚ್ಚು ಕಲಿಸುವ ಅಭ್ಯಾಸ ಎಂದುಕೊಳ್ಳಬೇಡಿ. ತಪ್ಪುತ್ತಾ, ಯೋಚಿಸುತ್ತಾ ಆಡುವ ಮಗುವಿನ ರೀಲ್ಸ್ ಯಾರೂ ಹಾಕುವುದಿಲ್ಲ. ಕಲಿಕೆ ಅಲ್ಲೇ ಹೆಚ್ಚು ನಡೆಯುತ್ತಿರಬಹುದು.

ಹೊಡೆತ ತಪ್ಪಿತು, ನಿರ್ಧಾರ ತಪ್ಪಲಿಲ್ಲ

ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು. 1988ರಲ್ಲಿ ಬ್ಯಾರನ್ ಮತ್ತು ಹರ್ಷೆ ಎಂಬ ಮನೋವಿಜ್ಞಾನಿಗಳು ಜನರಿಗೆ ವೈದ್ಯರೊಬ್ಬರ ಒಂದೇ ನಿರ್ಧಾರವನ್ನು ವಿವರಿಸಿದರು. ರೋಗಿ ಬದುಕಿದ ಎಂದಾಗ ನಿರ್ಧಾರ ಚೆನ್ನಾಗಿತ್ತು ಎಂದರು. ರೋಗಿ ಸತ್ತ ಎಂದಾಗ ಅದೇ ನಿರ್ಧಾರಕ್ಕೆ ಕಡಿಮೆ ಅಂಕ ಕೊಟ್ಟರು. ಫಲಿತಾಂಶ ನೋಡಿ ನಿರ್ಧಾರವನ್ನು ಅಳೆಯುವ ಈ ಚಾಳಿ ನಮ್ಮೆಲ್ಲರಲ್ಲೂ ಇದೆ.

ಟೆನಿಸ್ ಅಂಗಣದ ಬದಿಯಲ್ಲಿ ಅದು ದಿನವೂ ನಡೆಯುತ್ತದೆ. ನಾಲ್ಕು ಸಂದರ್ಭಗಳನ್ನು ನೋಡಿ:

1. ಆಯ್ಕೆ ಸರಿ, ಚೆಂಡು ಒಳಗೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

2. ಆಯ್ಕೆ ಸರಿ, ಚೆಂಡು ಹೊರಗೆ. ಇಲ್ಲಿ ಬೈದರೆ ಮಗು ಸರಿಯಾದ ಆಯ್ಕೆಯನ್ನೇ ಬಿಟ್ಟುಬಿಡುತ್ತದೆ. ಮುಂದಿನ ಸಲ ಗಿಡ್ಡ ಚೆಂಡು ಬಂದರೂ ಹೆದರಿ ಸುಮ್ಮನೆ ತಳ್ಳುತ್ತದೆ. ಹೇಳಬೇಕಾದ ಮಾತು: 'ಒಳ್ಳೆ ಯೋಚನೆ, ಹೊಡೆತ ಅಭ್ಯಾಸ ಮಾಡೋಣ.'

3. ಆಯ್ಕೆ ತಪ್ಪು, ಚೆಂಡು ಒಳಗೆ. ಅತಿ ಅಪಾಯದ್ದು ಇದೇ. ಅದೃಷ್ಟದಿಂದ ಬಿದ್ದ ಚೆಂಡಿಗೆ ಶಭಾಷ್ ಸಿಕ್ಕರೆ ತಪ್ಪು ಆಯ್ಕೆ ಗಟ್ಟಿಯಾಗುತ್ತದೆ.

4. ಆಯ್ಕೆ ತಪ್ಪು, ಚೆಂಡು ಹೊರಗೆ. ಬೈಗುಳ ಬೇಡ. 'ಬೇರೆ ಯಾವ ಜಾಗ ಖಾಲಿ ಇತ್ತು?' ಎಂದರೆ ಸಾಕು.

ಅಮೆರಿಕದ ಸಂಶೋಧಕರಾದ ಮೆಕ್‌ಫರ್ಸನ್ ಮತ್ತು ಥಾಮಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 10ರಿಂದ 13 ವರ್ಷದ ಹುಡುಗರ ಟೆನಿಸ್ ಬಗ್ಗೆ ಇತ್ತು. ಅವರು ಆಟವನ್ನೂ ಗಮನಿಸಿದರು, ಹುಡುಗರನ್ನು ಮಾತನಾಡಿಸಿಯೂ ನೋಡಿದರು. ಪಳಗಿದ ಹುಡುಗರ ತಿಳಿವಳಿಕೆ 'ಹೀಗಿದ್ದರೆ ಹಾಗೆ ಮಾಡಬೇಕು' ಎಂಬ ರೂಪದಲ್ಲಿ ಹೆಣೆದುಕೊಂಡಿತ್ತು. ವಯಸ್ಸಿಗಿಂತ ಆಟದ ಅನುಭವವೇ ಇಲ್ಲಿ ಹೆಚ್ಚು ಲೆಕ್ಕಕ್ಕೆ ಬಂತು. 2014ರಲ್ಲಿ ಸ್ಪೇನಿನ ಸಂಶೋಧಕರು ಎಳೆಯ ಆಟಗಾರರಿಗೆ ಅವರದ್ದೇ ಆಟದ ವಿಡಿಯೊ ತೋರಿಸಿ, ಪ್ರಶ್ನೆ ಕೇಳಿ ಯೋಚಿಸುವಂತೆ ಮಾಡಿದರು. ಅವರ ನಿರ್ಧಾರಗಳು ಸುಧಾರಿಸಿದವು. ಅದು ಬೆರಳೆಣಿಕೆಯ ಆಟಗಾರರ ಸಣ್ಣ ಅಧ್ಯಯನ, ಕೊನೆಯ ಮಾತಲ್ಲ. ಆದರೆ ಇದಕ್ಕೆ ಬೇಕಾದದ್ದು ಒಂದು ಫೋನ್ ಮತ್ತು ಸ್ವಲ್ಪ ತಾಳ್ಮೆ ಮಾತ್ರ.

ಅಂಥ ಮಾತುಕತೆ ಹೀಗಿರಬಹುದು:

'ಆ ಚೆಂಡು ಎಲ್ಲಿ ಬಿತ್ತು ಪುಟ್ಟಾ?'
'ಗಿಡ್ಡ ಬಿತ್ತು ಸರ್.'
'ಅವನು ಎಲ್ಲಿದ್ದ?'
'ಫೋರ್‌ಹ್ಯಾಂಡ್ ಕಡೆ... ಇಲ್ಲ, ನಾನು ನೋಡಲಿಲ್ಲ ಸರ್.'
'ಸರಿ, ಮುಂದಿನ ಸಲ ಹೊಡೆಯೋ ಮುಂಚೆ ಅದೊಂದು ನೋಡು.'

ಕೋಚ್ ಇಲ್ಲಿ ಉತ್ತರ ಹೇಳಿಕೊಡಲಿಲ್ಲ. ಮಗುವೇ ತನ್ನ ಕೊರತೆ ಕಂಡುಕೊಂಡಿತು.

ಅಭ್ಯಾಸದಲ್ಲಿ ಮಾಡಬಹುದಾದ ಐದು ಆಟಗಳು

ಸಿಗ್ನಲ್ ಆಟ: ಚೆಂಡು ಆಳಕ್ಕೆ ಬಂದು ಕಷ್ಟವಾದರೆ 'ಕೆಂಪು', ಸಾಧಾರಣವಾಗಿದ್ದರೆ 'ಹಳದಿ', ಗಿಡ್ಡ ಬಿದ್ದು ಸುಲಭವಾಗಿದ್ದರೆ 'ಹಸಿರು'. ಚೆಂಡು ಪುಟಿಯುವ ಮುಂಚೆ ಮಗು ಬಣ್ಣ ಕೂಗಬೇಕು. ಕೆಂಪಿಗೆ ಎತ್ತರವಾಗಿ ಮರಳಿಸು, ಹಳದಿಗೆ ಕ್ರಾಸ್‌ಕೋರ್ಟ್, ಹಸಿರಿಗೆ ಮುನ್ನುಗ್ಗು.

ಅಂಕದಿಂದ ಶುರು: ಪ್ರತಿ ಗೇಮನ್ನೂ 0-0ಯಿಂದ ಆರಂಭಿಸಬೇಡಿ. 30-40ರಲ್ಲಿ, 15-30ರಲ್ಲಿ ಶುರು ಮಾಡಿಸಿ. ಒತ್ತಡದಲ್ಲಿ ಆರಿಸುವುದು ಆಗ ರೂಢಿಯಾಗುತ್ತದೆ.

ಅರ್ಧ ಅಂಗಣ: ಉದ್ದನೆಯ ಅರ್ಧದಲ್ಲಿ ಮಾತ್ರ ಆಡಿದರೆ ಅಕ್ಕಪಕ್ಕ ಓಡಿಸಿ ಗೆಲ್ಲಲಾಗದು. ಆಳಕ್ಕೆ ಹೊಡೆಯುವುದು, ಎತ್ತರ ಬದಲಿಸುವುದು ಹೇಳಿಕೊಡದೆಯೇ ಬರುತ್ತದೆ.

ನಿಲ್ಲು ಆಟ: ಆಟದ ನಡುವೆ ಕೋಚ್ 'ನಿಲ್ಲು' ಎಂದಾಗ ಮಗು ಕಣ್ಣು ಮುಚ್ಚಿ ಎದುರಾಳಿ ಎಲ್ಲಿದ್ದಾನೆ ಎಂದು ಕೈ ತೋರಿಸಬೇಕು.

ಮೊದಲ ನಾಲ್ಕು: ವೃತ್ತಿಪರ ಆಟದ ವಿಶ್ಲೇಷಣೆಗಳ ಪ್ರಕಾರ, ಇಬ್ಬರ ಹೊಡೆತ ಸೇರಿಸಿದರೂ ಸುಮಾರು ಶೇ 70ರಷ್ಟು ಪಾಯಿಂಟ್‌ಗಳು ನಾಲ್ಕು ಹೊಡೆತದೊಳಗೆ ಮುಗಿಯುತ್ತವೆ. ಎಳೆಯರ ಆಟ ಹೀಗೇ ಇರುವುದಿಲ್ಲ. ಆದರೂ ಸರ್ವ್, ಅದರ ಉತ್ತರ, ನಂತರದ ಒಂದೊಂದು ಹೊಡೆತ ಇಷ್ಟನ್ನೇ ಯೋಜಿಸಿ ಆಡಿಸುವುದು ಒಳ್ಳೆಯ ಅಭ್ಯಾಸ.

ಮನೆಯಲ್ಲೂ ಒಂದು ಆಟ ಆಡಬಹುದು. ಫೋನ್‌ನಲ್ಲಿ ಪಂದ್ಯ ನೋಡುವಾಗ ರ‍್ಯಾಕೆಟ್ ಚೆಂಡಿಗೆ ತಗಲುವ ಕ್ಷಣಕ್ಕೆ ನಿಲ್ಲಿಸಿ, 'ಈಗ ಯಾವ ಕಡೆ?' ಎಂದು ಕೇಳಿ. ಹೀಗೆ ಕಲಿತದ್ದು ಪೂರ್ತಿ ಅಂಗಣಕ್ಕೆ ಬರುತ್ತದೆಂಬ ಖಾತರಿ ಇಲ್ಲ. ಎಲ್ಲಿ ನೋಡಬೇಕೆಂಬ ಕುತೂಹಲವಂತೂ ಹುಟ್ಟುತ್ತದೆ.

ಚಿಕ್ಕ ಮಕ್ಕಳಿಗೆ ಇದೆಲ್ಲ ಹೆಚ್ಚಾಗದೇ?

ಪಾಠ ಮಾಡಿದರೆ ಹೆಚ್ಚಾಗುತ್ತದೆ, ಆಡಿಸಿದರೆ ಇಲ್ಲ. ಏಳೆಂಟು ವರ್ಷದವರಿಗೆ 'ಖಾಲಿ ಜಾಗ ಹುಡುಕು' ಎಂಬ ಒಂದೇ ಮಾತು ಸಾಕು. ಅವರ ಚೆಂಡೂ ಬೇರೆ ಇರಬೇಕು. ದೊಡ್ಡವರ ಹಳದಿ ಚೆಂಡು ಪುಟ್ಟ ಮಗುವಿನ ತಲೆಯ ಮೇಲೆ ಪುಟಿದು ಹೋಗುತ್ತದೆ. ಹಾಗಾದಾಗ ಯೋಚಿಸಲು ಸಮಯವೇ ಇರುವುದಿಲ್ಲ. ಅದಕ್ಕಾಗಿಯೇ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ನಿಧಾನದ ಚೆಂಡು ಬಳಸಬೇಕೆಂಬ ನಿಯಮ ತಂದಿದೆ. ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಶೇ 75, ಕಿತ್ತಳೆಯದ್ದು ಶೇ 50, ಹಸಿರಿನದ್ದು ಶೇ 25ರಷ್ಟು ನಿಧಾನ. 'ನಮ್ಮ ಮಗನಿಗೆ ಏಳು ವರ್ಷಕ್ಕೇ ಹಳದಿ ಚೆಂಡು' ಎಂದು ಹೆಮ್ಮೆ ಪಡಬೇಕಾಗಿಲ್ಲ.

ಬೇಲಿಯಾಚೆ ನಿಂತವರು ಏನು ಮಾಡಬೇಕು?

ಪಾಯಿಂಟ್ ನಡೆಯುವಾಗ ಕೂಗಬೇಡಿ. 'ಬ್ಯಾಕ್‌ಹ್ಯಾಂಡ್‌ಗೆ ಹಾಕು' ಎಂದು ನೀವು ಕೂಗಿದಾಗ ಮಗುವಿನ ಕಿವಿ ನಿಮ್ಮ ಕಡೆ ತಿರುಗುತ್ತದೆ, ಕಣ್ಣು ಎದುರಾಳಿಯನ್ನು ಬಿಡುತ್ತದೆ. ಪಾಯಿಂಟ್‌ಗಳ ನಡುವೆ ಸಿಗುವ 25 ಸೆಕೆಂಡ್ ಮಗುವಿನದ್ದು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಯೋಚಿಸಲು ಅದಕ್ಕಿರುವುದು ಅಷ್ಟೇ.

ಒಂದು ಚಿಕ್ಕ ಪುಸ್ತಕದಲ್ಲಿ ಗೆಲುವು-ಸೋಲಿನ ಬದಲು ಮೇಲಿನ ನಾಲ್ಕು ಸಂದರ್ಭಗಳಿಗೆ ಗೀಟು ಹಾಕುತ್ತಾ ಹೋಗಿ. ಪಂದ್ಯ ಮುಗಿದ ಕೂಡಲೇ ವಿಚಾರಣೆ ಬೇಡ. ಊಟವಾಗಿ ಮನಸ್ಸು ತಣ್ಣಗಾದ ಮೇಲೆ ಒಂದೇ ಪ್ರಶ್ನೆ ಕೇಳಿ: 'ಇವತ್ತು ನಿನಗೆ ಇಷ್ಟವಾದ ಆಯ್ಕೆ ಯಾವುದು?' ಸೋತ ದಿನವೂ ಇದಕ್ಕೆ ಉತ್ತರ ಇರುತ್ತದೆ.

ಹೊಸ ಅಕಾಡೆಮಿ ಸೇರಿಸುವ ಮುಂಚೆ ಉಪಕರಣಗಳನ್ನು ಎಣಿಸಬೇಡಿ. ಅರ್ಧ ಗಂಟೆ ಕೂತು ನೋಡಿ. ಮಕ್ಕಳು ಪಾಯಿಂಟ್ ಆಡುತ್ತಿದ್ದಾರೆಯೇ, ಕೋಚ್ ಪ್ರಶ್ನೆ ಕೇಳುತ್ತಿದ್ದಾರೆಯೇ, ಮಗು ಬಾಯಿಬಿಟ್ಟು ಉತ್ತರ ಹೇಳುತ್ತಿದೆಯೇ? ಹೌದಾದರೆ ನಿಮ್ಮ ಫೀಸು ಸಾರ್ಥಕ.

ಕೊನೆಗೆ, ನಂಬಿಕೆ ಮತ್ತು ವಾಸ್ತವ

ನಂಬಿಕೆ: ದೀಪದ ಆಟದಿಂದ ಮೆದುಳು ಚುರುಕಾಗಿ ಟೆನಿಸ್ ಸುಧಾರಿಸುತ್ತದೆ. ವಾಸ್ತವ: ಸುಧಾರಿಸುವುದು ಮುಖ್ಯವಾಗಿ ದೀಪದ ಆಟ.

ನಂಬಿಕೆ: ಹೆಚ್ಚು ಚೆಂಡು ಹೊಡೆದರೆ ತಂತ್ರ ತಾನಾಗಿ ಬರುತ್ತದೆ. ವಾಸ್ತವ: ಹೊಡೆತ ಬರುತ್ತದೆ. ಆಯ್ಕೆಯನ್ನು ಬೇರೆಯಾಗಿ ಅಭ್ಯಾಸ ಮಾಡಿಸಬೇಕು.

ನಂಬಿಕೆ: ಪಾಯಿಂಟ್ ಹೋಯಿತೆಂದರೆ ನಿರ್ಧಾರ ತಪ್ಪು. ವಾಸ್ತವ: ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮುಂದಿನ ಸಲ ಮಿನುಗುವ ದೀಪದ ವಿಡಿಯೊ ಬಂದಾಗ, ಫಾರ್ವರ್ಡ್ ಮಾಡುವ ಮುಂಚೆ ಒಂದು ಕ್ಷಣ ನೋಡಿ: ಅದರಲ್ಲಿ ಮಗು ಏನನ್ನಾದರೂ ತಾನೇ ಆರಿಸುತ್ತಿದೆಯೇ? ಇಲ್ಲವೆಂದಾದರೆ ಅದು ನೋಡಲು ಚೆಂದದ ಕಸರತ್ತು, ಅಷ್ಟೆ.